ಮಾವನ ಬೋಲ್ಟು, ಅಳಿಯನ ಸೊಂಟ

ಬಿಗಿರಾಯರಿಗೆ ಹೆತ್ತವರು ಇಟ್ಟ ಹೆಸರು ಬೇರೆ. ಅದು ಕಚೇರಿಯ ಹಾಜರಿ ಪುಸ್ತಕದಲ್ಲಿ ಸುಖವಾಗಿದೆ; ಅದನ್ನು ಅಲ್ಲಿಂದ ಎಬ್ಬಿಸುವ ಅಗತ್ಯ ನಮಗಿಲ್ಲ. ಬೀದಿಯವರು ಕೊಟ್ಟ ಹೆಸರಿಗೆ ಕಾರಣವಿತ್ತು. ರಾಯರು ನಿಲ್ಲಿಸಿದ ನಲ್ಲಿಯನ್ನು ಮತ್ತೆ ತಿರುಗಿಸಲು ಇನ್ನೊಬ್ಬರಿಗೆ ಎರಡು ಕೈ ಬೇಕು. ಅವರು ಕಟ್ಟಿದ ಕಡತದ ದಾರವನ್ನು ಅರ್ಜಿ ವಿಭಾಗದಲ್ಲಿ ಬಿಚ್ಚಿದವರಿಲ್ಲ, ಕತ್ತರಿಸಿದವರಿದ್ದಾರೆ. ಬಿಗಿಯಾಯಿತು ಎಂದು ಲೋಕವೆಲ್ಲ ಕೈಬಿಡುವ ಜಾಗಕ್ಕೆ ಬಂದಾಗ ರಾಯರಿಗೆ ಒಳಗಿನಿಂದ ಒಂದು ಮಾತು ಕೇಳಿಸುತ್ತಿತ್ತು: ‘ಇನ್ನೊಂದು ಸುತ್ತು ಇರಲಿ.’

ಅವರು ಮುಚ್ಚಿದ ಸಕ್ಕರೆ ಡಬ್ಬಿಯನ್ನು ತೆರೆಯಬಲ್ಲವಳು ಹೆಂಡತಿಯೊಬ್ಬಳೇ. ಮುಚ್ಚಳವನ್ನು ಬಿಸಿನೀರಲ್ಲಿ ಅದ್ದಿ, ಒದ್ದೆ ಬಟ್ಟೆ ಸುತ್ತಿ, ತಳಕ್ಕೆ ಅಂಗೈಯಿಂದ ಒಂದು ಏಟು ಕೊಟ್ಟರೆ ಡಬ್ಬಿ ಬಾಯಿಬಿಡುತ್ತಿತ್ತು. ಮದುವೆಯಾದ ಮೊದಲ ವಾರದಿಂದಲೇ ಅವಳಿಗೆ ಈ ವಿದ್ಯೆ ಬರುತ್ತಿತ್ತು. ಎಲ್ಲಿ ಕಲಿತೆ ಎಂದು ಕೇಳಬೇಕೆಂದು ರಾಯರಿಗೆ ಒಂಬತ್ತು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ.

ಈ ಒಂಬತ್ತು ವರ್ಷವೂ ಮಾವ ಅವರೊಡನೆ ನೇರವಾಗಿ ಮಾತಾಡಿದವರಲ್ಲ. ತೂಕ ಮತ್ತು ಅಳತೆಯ ತನಿಖಾಧಿಕಾರಿಯಾಗಿ ನಿವೃತ್ತರಾದ ಅವರು ಅಳಿಯನನ್ನು ಮೊದಲ ದಿನವೇ ಮನಸ್ಸಿನಲ್ಲಿ ತೂಗಿ ನೋಡಿದ್ದರು, ಎಷ್ಟು ಬಂತೆಂದು ಯಾರಿಗೂ ಹೇಳಿರಲಿಲ್ಲ. ಎದುರುಬದುರು ಕೂತಿದ್ದಾಗಲೂ ಮಾತು ಮಗಳ ಮೂಲಕವೇ ಹೋಗುತ್ತಿತ್ತು. "ಅವರಿಗೆ ಫ್ಯಾನ್ ಸ್ವಲ್ಪ ಕಡಿಮೆ ಮಾಡೋಕೆ ಹೇಳಮ್ಮ" ಎನ್ನುತ್ತಿದ್ದರು. ಫ್ಯಾನಿನ ಗುಂಡಿ ರಾಯರ ಭುಜದ ಹಿಂದೆಯೇ ಇರುತ್ತಿತ್ತು, ಹೆಂಡತಿ ಅಡುಗೆಮನೆಯಲ್ಲಿರುತ್ತಿದ್ದಳು.

ಮಾವನಿಗೆ ಒಂದು ಮೋಟಾರ್ ಸೈಕಲ್ ಇತ್ತು. ಮಗಳಿಗಿಂತ ಎರಡು ವರ್ಷ ದೊಡ್ಡದು. ಬಂಧುಗಳು ನಾಲ್ಕು ಜನ ಸೇರಿದ ಕಡೆಯಲ್ಲೆಲ್ಲ ಅವರು ಹೇಳುತ್ತಿದ್ದ ಒಂದೇ ಮಾತು, "ಈ ಎಂಜಿನ್ನಿಗೆ ನನ್ನ ಕೈ ಬಿಟ್ಟು ಇನ್ನೊಬ್ಬರ ಕೈ ಬಿದ್ದಿಲ್ಲ. ಒಂದು ಬೋಲ್ಟು ಕೂಡ ಬದಲಾಗಿಲ್ಲ." ಕಣ್ಣಿನ ಆಪರೇಷನ್ ಆಗಿ, ಒಂದು ತಿಂಗಳು ಗಾಡಿ ಮುಟ್ಟಬಾರದೆಂದು ಡಾಕ್ಟರು ಹೇಳಿದಾಗ, ಮನೆಯಲ್ಲಿಟ್ಟುಕೊಂಡರೆ ಕೈ ತಡೆಯಲಾರದೆಂದು ಅದನ್ನು ಮಗಳ ಮನೆಗೆ ಕಳಿಸಿದರು. ಜೊತೆಗೆ ಸೂಚನೆಗಳೂ ಬಂದವು.

"ಅವರಿಗೆ ಹೇಳಮ್ಮ. ದಿನಾ ಬೆಳಿಗ್ಗೆ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸ್ಬೇಕು. ಬೇರೇನೂ ಮಾಡ್ಬಾರ್ದು. ಬಲಗಡೆ ಬಟ್ಟೆ ಹಾಕಿ ಉಜ್ಜೋದು ಬೇಡ, ಬ್ರಷ್‌ನಲ್ಲಿ ಧೂಳು ಸವರಿದ್ರೆ ಸಾಕು. ಕೆಳಗೆ ಒಂದೊಂದು ತೊಟ್ಟು ಎಣ್ಣೆ ಬೀಳತ್ತೆ. ಅದು ಸೋರೋದಲ್ಲ, ಬೆವರೋದು. ಒಳ್ಳೆ ಎಂಜಿನ್ ಬೆವರತ್ತೆ."

ಮಗಳನ್ನು ಕೊಡುವಾಗ ಅವರು ಇಷ್ಟು ಸೂಚನೆ ಕೊಟ್ಟಿರಲಿಲ್ಲ. ಆದರೂ ರಾಯರಿಗೆ ಹಿಗ್ಗೋ ಹಿಗ್ಗು. ಮಾವ ತಮ್ಮನ್ನು ನಂಬಿ ಒಂದು ವಸ್ತು ಕೊಟ್ಟಿದ್ದಾರೆ. ತಿಂಗಳು ಕಳೆದು ಅದನ್ನು ಹಾಗೇ ಒಪ್ಪಿಸಿದರೆ, ಯಾರಿಗೆ ಗೊತ್ತು, ಮಾವ ಮುಖ ನೋಡಿ ಒಂದು ಮಾತು ಆಡಿದರೂ ಆಡಿಯಾರು. ರಾಯರಿಗೆ ಬೇಕಾಗಿದ್ದುದು ಅಷ್ಟೇ, ಒಂದು ಮಾತು.

ಹನ್ನೆರಡು ದಿನ ಎಲ್ಲವೂ ಸರಿಯಾಗಿ ನಡೆಯಿತು. ಆದರೆ ಪ್ರತಿದಿನವೂ ಗಾಡಿಯ ಕೆಳಗೆ ಹಾಸಿದ ಪೇಪರಿನ ಮೇಲೆ ದುಂಡಗೆ ಒಂದು ತೊಟ್ಟು ಎಣ್ಣೆ ಕಾಣುತ್ತಿತ್ತು. ನಲ್ಲಿ ತೊಟ್ಟಿಕ್ಕದ ಮನೆಯ ಯಜಮಾನರು ಅದನ್ನು ಎಷ್ಟು ದಿನ ನೋಡಿಯಾರು. ಹದಿಮೂರನೆಯ ದಿನ, ಭಾನುವಾರ ಬೆಳಿಗ್ಗೆ, ಕಟ್ಟಡದ ಕೆಳಗಿನ ಶೆಡ್ಡಿನಲ್ಲಿ ಸ್ಪ್ಯಾನರ್ ಹಿಡಿದು ಕುಕ್ಕರುಗಾಲಲ್ಲಿ ಕೂತರು. ಎಂಜಿನ್ನಿನ ಬಲಗಡೆಯ ಮುಚ್ಚಳಕ್ಕೆ ಏಳು ಬೋಲ್ಟುಗಳಿದ್ದವು. ಒಂದು, ಎರಡು, ಮೂರು, ನಾಲ್ಕು ಬಿಗಿಯಾಗೇ ಇದ್ದವು. ರಾಯರು ಮನಸ್ಸು ಗಟ್ಟಿ ಮಾಡಿಕೊಂಡು ಅವನ್ನು ಅಷ್ಟಕ್ಕೇ ಬಿಟ್ಟರು. ಐದನೆಯದರ ಹತ್ತಿರ ಎಣ್ಣೆಯ ಪಸೆ ಕಂಡಿತು. ಒಳಗಿನ ಮಾತು ಕೇಳಿಸಿತು. ಸ್ಪ್ಯಾನರ್ ಇಟ್ಟು ಇನ್ನೂ ಕಾಲು ಸುತ್ತು ತಿರುಗಿಸಿರಲಿಲ್ಲ, ಬೋಲ್ಟಿನ ತಲೆ ಹಳೆ ಅಂಗಿಯ ಗುಂಡಿಯ ಹಾಗೆ ಕಳಚಿ ಅಂಗೈಗೆ ಬಿತ್ತು. ಮೈ ಎಂಜಿನ್ನಿನ ಒಳಗೇ ಉಳಿಯಿತು.

ರಾಯರ ಎದೆ ಧಸಕ್ಕೆಂದಿತು. ಅದರ ಬೆನ್ನಿಗೇ, ಹೇಳಲು ಸಂಕೋಚ, ಸಣ್ಣದೊಂದು ಹೆಮ್ಮೆಯೂ ಆಯಿತು. ಕಬ್ಬಿಣವನ್ನು ಅವರು ಹೆಚ್ಚುಕಡಿಮೆ ಎರಡು ಬೆರಳಲ್ಲಿ ಮುರಿದಿದ್ದರು.

ತಲೆಯನ್ನು ಅಂಟು ಹಚ್ಚಿ ಇದ್ದ ಜಾಗದಲ್ಲೇ ಕೂರಿಸಿದರೆ ಹೇಗೆ ಎಂಬ ಯೋಚನೆ ಅವರಿಗೆ ಬರದೆ ಇರಲಿಲ್ಲ. ಚಪ್ಪಲಿ ಅಂಟಿಸುವ ಟ್ಯೂಬು ಮನೆಯಲ್ಲಿತ್ತು. ಅದನ್ನು ಹುಡುಕಿ ತಂದು, ಟ್ಯೂಬಿನ ಮುಚ್ಚಳವನ್ನೂ ತೆಗೆದರು. ಅಲ್ಲಿಗೆ ನಿಲ್ಲಿಸಿದರು. ಜೀವಮಾನವೆಲ್ಲ ಕಳ್ಳ ತಕ್ಕಡಿಗಳನ್ನು ಪತ್ತೆಹಚ್ಚಿದ ಮಾವ, ಅಂಥವರ ಎಂಜಿನ್ನಿಗೆ ಅಂಟು ಹಚ್ಚುವುದೇ? ರಾಯರಿಗೆ ತಮ್ಮ ಮೇಲೆ ತಮಗೇ ಅಸಹ್ಯವಾಯಿತು. ಟ್ಯೂಬಿನ ಮುಚ್ಚಳವನ್ನು ಬಿಗಿಯಾಗಿ ಮುಚ್ಚಿ, ಇನ್ನೊಂದು ಸುತ್ತು ತಿರುಗಿಸಿ, ಒಳಗಿಟ್ಟರು. ಬೋಲ್ಟಿನ ತಲೆಯನ್ನು ಬೆಂಕಿಪೊಟ್ಟಣದಲ್ಲಿ ಹಾಕಿ ಅಂಗಿಯ ಜೇಬಿಗೆ ಸೇರಿಸಿದರು.

ಅಷ್ಟರಲ್ಲಿ ಹೆಂಡತಿ ಫೋನು ಹಿಡಿದು ಬಾಗಿಲಿಗೆ ಬಂದಳು. "ರೀ, ಅಪ್ಪ ಕೇಳ್ತಿದಾರೆ. ಇವತ್ತು ಗಾಡಿ ಸ್ಟಾರ್ಟ್ ಮಾಡಿದ್ರಾ ಅಂತ."

ಇಲ್ಲಿ ಎರಡು ದಾರಿ ಇತ್ತು. ನಮ್ಮ ರಾಯರು ಮೂರನೆಯದನ್ನು ಹಿಡಿದರು. "ಇಲ್ಲ. ಕಿಕ್ ಹೊಡೆಯೋಕೆ ಆಗ್ತಿಲ್ಲ. ಸೊಂಟ ಹಿಡ್ಕೊಂಡ್ಬಿಟ್ಟಿದೆ" ಎಂದು ಸೊಂಟದ ಮೇಲೆ ಕೈಯಿಟ್ಟರು. ಹೆಂಡತಿ ಅವರನ್ನು ಒಂದು ಕ್ಷಣ ನೋಡಿದಳು. ಆಮೇಲೆ ಆ ಮಾತನ್ನು ಇದ್ದದ್ದು ಇದ್ದಹಾಗೆ ಫೋನಿಗೆ ಹೇಳಿದಳು.

ಸಂಜೆಗೆಲ್ಲ ಮಹಡಿಯ ಮೇಲಿನ ಕಾಂಪೌಂಡರು ಬಂದರು. ಇವರು ಮೂವತ್ತು ವರ್ಷ ಒಬ್ಬ ಡಾಕ್ಟರ ಪಕ್ಕದಲ್ಲಿ ನಿಂತಿದ್ದವರು. ಡಾಕ್ಟರು ತೀರಿಹೋದ ಮೇಲೆ, ಆ ಜಾಗ ಖಾಲಿ ಇರಬಾರದೆಂದು ತಾವೇ ಒಂದು ಹೆಜ್ಜೆ ಸರಿದು ನಿಂತುಕೊಂಡಿದ್ದರು. ರಾಯರನ್ನು ಬೋರಲು ಮಲಗಿಸಿ ಬೆರಳಿಂದ ಒತ್ತಿದರು.

"ಇಲ್ಲಿ ನೋವಾ?"

"ಹೌದು."

"ಇಲ್ಲಿ?"

"ಅಲ್ಲೂ ಇದೆ."

ಕಾಂಪೌಂಡರು ಮೊಣಕಾಲಿನ ಹಿಂದೆ ಒತ್ತಿದರು. "ಇಲ್ಲಿ?"

ಸುಳ್ಳಿನ ಗಡಿ ಎಲ್ಲಿಯವರೆಗೆ ಎಂಬುದು ರಾಯರಿಗೆ ಇನ್ನೂ ತೀರ್ಮಾನವಾಗಿರಲಿಲ್ಲ. "ಸ್ವಲ್ಪ ಸ್ವಲ್ಪ" ಎಂದರು.

"ಕೆಳಗಿಳೀತಾ ಇದೆ" ಎಂದು ಕಾಂಪೌಂಡರು ಹೆಂಡತಿಯ ಕಡೆ ತಿರುಗಿದರು. "ಹಾಸಿಗೆ ಮುಟ್ಟಬಾರ್ದು. ಗಟ್ಟಿ ನೆಲದ ಮೇಲೆ ಅಂಗಾತ ಮಲಗ್ಬೇಕು. ಕಚೇರಿಗೆ ರಜೆ ಹಾಕ್ಸಿ, ಮೂರು ದಿನ."

ರಜೆ ಸಿಕ್ಕಿದ್ದು ರಾಯರಿಗೆ ಅನುಕೂಲವೇ ಆಯಿತು. ಸೋಮವಾರ ಹೆಂಡತಿ ತನ್ನ ಕೆಲಸಕ್ಕೆ, ಅಂಚೆ ಕಚೇರಿಗೆ ಹೋದದ್ದೇ ತಡ, ಗೋಡೆ ಕೊರೆಯುವ ಡ್ರಿಲ್ಲು ಹಿಡಿದು ಕೆಳಗಿಳಿದರು. ಶೆಡ್ಡಿನಲ್ಲಿ ಗಾಡಿಯ ಪಕ್ಕ ಅಂಗಾತ ಮಲಗಿ, ಒಳಗುಳಿದ ತುಂಡಿನ ನೆತ್ತಿಗೆ ಗುರಿಯಿಟ್ಟು ಕೊರೆದರು. ತೂತು ಬೀಳುತ್ತಿತ್ತು. ಸಾಕು ಎನ್ನುವಷ್ಟು ಬಿದ್ದೂ ಆಗಿತ್ತು. ಇನ್ನೊಂದು ಚೂರು ಒತ್ತೋಣ ಎಂದು ಒತ್ತಿದರು. ಡ್ರಿಲ್ಲಿನ ಬಿಟ್ಟು, ಅಂದರೆ ಕೊರೆಯುವ ಕಡ್ಡಿ, ಪಟಕ್ಕನೆ ಮುರಿದು ಬೋಲ್ಟಿನೊಳಗೇ ಕೂತಿತು. ಮೊದಲು ಎಂಜಿನ್ನಿನಲ್ಲಿ ಮುರಿದದ್ದು ಒಂದಿತ್ತು, ಈಗ ಎರಡಾದವು.

"ಇದೇನ್ರೀ ಇಲ್ಲಿ ಮಲಗಿದೀರಿ?" ಎಂದು ತಲೆಯ ಹತ್ತಿರ ಎರಡು ಪಾದಗಳು ಕೇಳಿದವು. ಕಾಂಪೌಂಡರು.

"ನೀವೇ ಹೇಳಿದ್ರಲ್ಲ, ಗಟ್ಟಿ ನೆಲ."

"ಮನೇಲಿ ನೆಲ ಇಲ್ವಾ?"

"ಅದು ಟೈಲ್ಸು. ಇದು ಸಿಮೆಂಟು."

ಕಾಂಪೌಂಡರು ಕೈಮುಗಿಯುವುದೊಂದು ಬಾಕಿ. ಮೂವತ್ತು ವರ್ಷದಲ್ಲಿ ಯಾವ ರೋಗಿಯೂ ಅವರ ಮಾತನ್ನು ಇಷ್ಟು ಚಾಚೂತಪ್ಪದೆ ಪಾಲಿಸಿರಲಿಲ್ಲ. "ಮತ್ತೆ ಆ ಡ್ರಿಲ್ಲು?"

"ಚಾಲೂ ಮಾಡಿ ಪಕ್ಕದಲ್ಲಿ ಇಟ್ಕೊಂಡ್ರೆ ನೆಲ ನಡುಗತ್ತೆ. ಸೊಂಟಕ್ಕೆ ಹಿತವಾಗಿರತ್ತೆ" ಎಂದರು ರಾಯರು. ಸುಳ್ಳು ಈಗ ಅವರ ಕೈಬಿಟ್ಟು ತಾನೇ ನಡೆಯಲು ಕಲಿತಿತ್ತು.

ಕಾಂಪೌಂಡರು ಬಗ್ಗಿ ಡ್ರಿಲ್ಲಿನ ಪಕ್ಕದ ನೆಲಕ್ಕೆ ಅಂಗೈ ಒತ್ತಿ ನೋಡಿದರು. "ಕಂಪನ" ಎಂದರು ಕೊನೆಗೆ. "ನಮ್ಮ ಡಾಕ್ಟ್ರು ಇದನ್ನೇ ಹೇಳೋಕೆ ಹೊರಟಿದ್ರು ಅನ್ಸತ್ತೆ. ಅಷ್ಟರಲ್ಲಿ ಹೋಗ್ಬಿಟ್ರು."

ಮಧ್ಯಾಹ್ನ ಅವರು ಎದುರು ಮನೆಯ ದರ್ಜಿಯನ್ನು ಕರೆತಂದರು. ದಿನವಿಡೀ ಬಗ್ಗಿ ಹೊಲಿದು ಹೊಲಿದು ದರ್ಜಿಯ ಸೊಂಟ ಹೋಗಿ ಎಷ್ಟೋ ವರ್ಷವಾಗಿತ್ತು. ಅವರನ್ನು ಗಾಡಿಯ ಇನ್ನೊಂದು ಪಕ್ಕ ಮಲಗಿಸಿ, ಡ್ರಿಲ್ಲನ್ನು ನೆಲದ ಮೇಲಿಟ್ಟು ಚಾಲೂ ಮಾಡಿದರು. ಹತ್ತು ನಿಮಿಷಕ್ಕೆ ದರ್ಜಿ ಗೊರಕೆ ಹೊಡೆದರು. ಎದ್ದಾಗ, ಈಗ ಒಂದು ಕೋಟು ಹೊಲಿಯಬಲ್ಲೆ ಎಂದರು. ಈ ಸುದ್ದಿ ಬೀದಿಯಲ್ಲಿ ಯಾವ ವೇಗದಲ್ಲಿ ಹೋಯಿತೆಂದರೆ, ಮಂಗಳವಾರ ಬೆಳಿಗ್ಗೆ ರಾಯರು ಸ್ಕ್ರೂಡ್ರೈವರು ಹಿಡಿದು ಕೆಳಗೆ ಬಂದಾಗ ಗಾಡಿಯ ಸುತ್ತ ನಾಲ್ಕು ಚಾಪೆ ಹಾಸಿತ್ತು, ನಾಲ್ಕರ ಮೇಲೂ ಜನರಿದ್ದರು. ಕಾಂಪೌಂಡರು ಕುರ್ಚಿ ಹಾಕಿಕೊಂಡು ಕೂತು, "ನಿಮ್ಮ ಜಾಗ ಎಂಜಿನ್ ಪಕ್ಕದಲ್ಲೇ ಕಾಯ್ದಿರಿಸಿದೀನಿ" ಎಂದರು.

ಹೀಗೆ ರಾಯರು ತಮ್ಮ ಬೋಲ್ಟಿನ ಪಕ್ಕದಲ್ಲೇ ಬೆಳಗಿನಿಂದ ಅಂಗಾತ ಮಲಗಿದ್ದರು, ಅದನ್ನು ಮುಟ್ಟುವಂತಿರಲಿಲ್ಲ. ಹನ್ನೊಂದು ಗಂಟೆಗೆ ಅಂಚೆ ಕಚೇರಿಯಿಂದ ಹೆಂಡತಿಯ ಫೋನು ಬಂತು.

"ಅಪ್ಪ ನಾಳೆ ಮಧ್ಯಾಹ್ನ ಬರ್ತಾರಂತೆ."

"ತಿಂಗಳು ಮುಗಿದಿಲ್ವಲ್ಲ."

"ನಿಮ್ಮನ್ನ ನೋಡೋಕೆ ಬರ್ತಿದಾರೆ. ನನ್ನ ಗಾಡಿ ಕಿಕ್ ಹೊಡೆದೇ ಅವರಿಗೆ ಹೀಗಾಯ್ತು ಅಂತ ಸರಿಯಾಗಿ ಊಟಾನೂ ಮಾಡ್ತಿಲ್ವಂತೆ."

ರಾಯರಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಮಾವನಿಗೆ ತಮ್ಮ ಬಗ್ಗೆ ಚಿಂತೆ ಹುಟ್ಟಿದೆ, ಅದೂ ಇಲ್ಲದ ಸೊಂಟನೋವಿಗೆ. ನಾಳೆ ಬಂದು ಮೊದಲು ಅಳಿಯನನ್ನು ನೋಡುತ್ತಾರೆ, ಆಮೇಲೆ ಎಂಜಿನ್ನನ್ನು ನೋಡುತ್ತಾರೆ. ಆಮೇಲೆ ಇನ್ನೆಂದೂ ಅಳಿಯನನ್ನು ನೋಡುವುದಿಲ್ಲ.

ಅವರು ಎದ್ದು, ಸೊಂಟದ ಮೇಲೆ ಕೈಯಿಟ್ಟುಕೊಂಡು, ಅರ್ಧ ಬಗ್ಗಿ, ಬೀದಿಯ ಉದ್ದಕ್ಕೂ ನಡೆದರು. ದಾರಿಯಲ್ಲಿ ಮೂರು ಜನ ಕನಿಕರಿಸಿದರು. ತಿರುವಿನಾಚೆ ಕಬ್ಬಿಣದ ಬಿಡಿಭಾಗ ಕಡೆದುಕೊಡುವ ಲೇತ್ ಅಂಗಡಿಯಿತ್ತು. ಲೇತ್‌ನವನು ಕಡಿಮೆ ಮಾತಿನ, ಎಣ್ಣೆ ಕೈಯ ಮನುಷ್ಯ. ರಾಯರು ಅಂಗಡಿಯೊಳಗೆ ಕಾಲಿಟ್ಟು, ನೆಟ್ಟಗಾಗಿ, ನಡೆದದ್ದನ್ನೆಲ್ಲ ಹೇಳಿದರು.

"ಬೋಲ್ಟ್ ಮುರಿದವರನ್ನ ದಿನಾ ನೋಡ್ತೀನಿ. ಬೋಲ್ಟ್ ಒಳಗೆ ಬಿಟ್ಟನ್ನೂ ಮುರಿದವರು ನೀವೇ ಮೊದಲು" ಎಂದ ಅವನು. "ಗಾಡಿ ತನ್ನಿ. ಒಂದು ಗಂಟೆ ಕೆಲಸ."

"ತರೋ ಹಾಗಿಲ್ಲ. ನನಗೆ ಸೊಂಟ ನೋವು."

"ನೆಟ್ಟಗೆ ನಿಂತಿದೀರಲ್ಲ."

"ಇಲ್ಲಿ ಇಲ್ಲ. ನಮ್ಮ ಬೀದೀಲಿ ಮಾತ್ರ."

ಲೇತ್‌ನವನು ಅವರನ್ನು ಮೇಲಿಂದ ಕೆಳಗೆ ನೋಡಿ, ನಾಳೆ ಹತ್ತಕ್ಕೆ ತಾನೇ ಬರುವುದಾಗಿ ಹೇಳಿದ. ರಾಯರು ಹೊಸ್ತಿಲು ದಾಟಿ ಮತ್ತೆ ಬಗ್ಗಿದರು.

ಬುಧವಾರ ಹತ್ತಕ್ಕೆ ಸರಿಯಾಗಿ ಅವನು ಪೆಟ್ಟಿಗೆ ಹೊತ್ತು ಬಂದ. ಚಾಪೆಗಳು ಆರಾಗಿದ್ದವು. "ಇವರು ಯಾರು?" ಎಂದು ಕಾಂಪೌಂಡರು ಕೇಳಿದ್ದಕ್ಕೆ ರಾಯರು "ಯಂತ್ರದ ಕಡೆಯವರು" ಎಂದರು. ಕಂಪನವನ್ನು ಇನ್ನಷ್ಟು ಚುರುಕು ಮಾಡಲು ಬಂದಿದ್ದಾರೆಂದು ಕಾಂಪೌಂಡರು ಅರ್ಥ ಮಾಡಿಕೊಂಡು ಉಳಿದವರಿಗೂ ತಿಳಿಸಿದರು. "ನನ್ನ ಕಡೆ ಸ್ವಲ್ಪ ಜಾಸ್ತಿ ಬರ್ಲಿ" ಎಂದರು ದರ್ಜಿ, ಕಣ್ಣು ಮುಚ್ಚಿಕೊಂಡೇ.

ಲೇತ್‌ನವನು ಪೆಟ್ಟಿಗೆ ತೆರೆದ. ಮೊದಲು ಒಂದು ಮೊನಚು ಉಳಿಯಿಂದ ಕುಟ್ಟಿ, ಮುರಿದ ಬಿಟ್ಟನ್ನು ಚೂರುಚೂರಾಗಿ ಎಬ್ಬಿಸಿದ. ರಾಯರು ಕೊರೆದ ತೂತು ಒಂದು ಬದಿಗೆ ಹೋಗಿತ್ತು. ಅದನ್ನು ನೋಡಿ ಒಮ್ಮೆ ನಿಟ್ಟುಸಿರುಬಿಟ್ಟು, ಸರಿಯಾಗಿ ನಡುಮಧ್ಯೆ ಗುರುತು ಹೊಡೆದು ಹೊಸದಾಗಿ ಕೊರೆದ. ಸುತ್ತ ಸ್ವಲ್ಪ ಬೆಂಕಿ ತೋರಿಸಿದ. ಆಮೇಲೆ ಪೆಟ್ಟಿಗೆಯಿಂದ ಉಲ್ಟಾ ಥ್ರೆಡ್ಡಿನ ಒಂದು ಗಟ್ಟಿ ಕಡ್ಡಿ ತೆಗೆದ. ಎಡಕ್ಕೆ ತಿರುಗಿಸಿದಷ್ಟೂ ಅದು ಒಳಗೆ ಕಚ್ಚುತ್ತದೆ, ಕಚ್ಚಿದ್ದನ್ನು ಹೊರಗೆಳೆಯುತ್ತದೆ. ಅವನು ಒತ್ತಲೂ ಇಲ್ಲ, ಅವಸರ ಮಾಡಲೂ ಇಲ್ಲ. ಕೂದಲೆಳೆಯಷ್ಟು ತಿರುಗಿಸುತ್ತಿದ್ದ, ನಿಲ್ಲಿಸುತ್ತಿದ್ದ, ಮತ್ತೆ ತಿರುಗಿಸುತ್ತಿದ್ದ. ರಾಯರು ಎಂಜಿನ್ನಿನ ಪಕ್ಕ ಮಲಗಿದ್ದಲ್ಲಿಂದಲೇ ಕತ್ತು ಹೊರಳಿಸಿ ನೋಡಿದರು. ಬಲ ಬೇಡದ ಕೆಲಸವೊಂದನ್ನು ಅವರು ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು.

ಟಿಕ್ಕೆಂದು ಸಣ್ಣ ಸದ್ದಾಯಿತು. ತುಂಡು ಸುತ್ತಿಕೊಂಡು ಹೊರಬಂತು.

"ತಲೆ ಎಲ್ಲಿ? ಅಳತೆ ನೋಡಿ ಹೊಸದು ಕೊಡ್ತೀನಿ" ಎಂದ ಲೇತ್‌ನವನು. ರಾಯರು ಬೆಂಕಿಪೊಟ್ಟಣ ಕೊಟ್ಟರು. ಅವನು ತಲೆಯನ್ನು ತಿರುಗಿಸಿ ಅಡಿ ನೋಡಿದ, ಬೆಳಕಿಗೆ ಹಿಡಿದ, ಉಗುರಿನಿಂದ ಕೆರೆದ.

"ಯಾವಾಗ ಮುರಿದಿದ್ದು ಅಂದ್ರಿ?"

"ಭಾನುವಾರ."

"ಭಾನುವಾರ ಮುರಿದಿದ್ದಲ್ಲ ಇದು. ಹೊಸದಾಗಿ ಮುರಿದ ಕಬ್ಬಿಣ ಸಕ್ಕರೆ ಹರಳಿನ ಹಾಗೆ ಹೊಳೀಬೇಕು. ಇದು ನೋಡಿ, ಕಪ್ಪಾಗಿ ತುಕ್ಕು ಹಿಡಿದಿದೆ. ಇಪ್ಪತ್ತು ವರ್ಷಕ್ಕೆ ಕಡಿಮೆ ಇಲ್ಲ. ಈ ಹಳದಿ ಪದರ ಇದೆಯಲ್ಲ, ಇದು ಅಂಟು. ಯಾರೋ ಮಹಾನುಭಾವರು ಆಗಲೇ ಮುರಿದು, ತಲೆ ಅಂಟಿಸಿ ಕೂರಿಸಿದಾರೆ. ಅದಕ್ಕೇ ಎಣ್ಣೆ ತೊಟ್ಟಿಕ್ತಿತ್ತು."

ರಾಯರಿಗೆ ಮೊದಲು ಏನೂ ಹೊಳೆಯಲಿಲ್ಲ. ಆಮೇಲೆ ಒಂದೊಂದಾಗಿ ಹೊಳೆಯಿತು. ಇನ್ನೊಬ್ಬರ ಕೈ ಬೀಳದ ಎಂಜಿನ್ನು. ಬಟ್ಟೆ ಹಾಕಿ ಉಜ್ಜಬಾರದ ಬಲಗಡೆ. ಬೆವರು. ಒಂಬತ್ತು ವರ್ಷ ಮಾವ ಮಗಳ ಮೂಲಕ ಫ್ಯಾನು ಕಡಿಮೆ ಮಾಡಿಸಿಕೊಂಡದ್ದೆಲ್ಲ ಒಮ್ಮೆಲೇ ನೆನಪಾಗಿ, ಅವರು ಆ ತಲೆಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡರು.

ಆಗಲೇ ಗೇಟು ಕಿರ್ರೆಂದಿತು. ಮಧ್ಯಾಹ್ನ ಬರಬೇಕಾದ ಮಾವ ಹನ್ನೊಂದಕ್ಕೇ ಬಂದಿದ್ದರು, ಕಪ್ಪು ಕನ್ನಡಕ, ಕೈಯಲ್ಲಿ ನೋವಿನ ಎಣ್ಣೆಯ ದೊಡ್ಡ ಬಾಟಲಿ. ಅಪ್ಪ ಬರುತ್ತಾರೆಂದು ರಜೆ ಹಾಕಿದ್ದ ಹೆಂಡತಿ, ಚಹಾ ತಟ್ಟೆ ಹಿಡಿದು ಮೆಟ್ಟಿಲಿಳಿಯುತ್ತಿದ್ದವಳು, ಅಲ್ಲೇ ನಿಂತಳು. ಮಾವನ ಪ್ರಾಣಕ್ಕಿಂತ ಹೆಚ್ಚಿನ ಗಾಡಿಯ ಸುತ್ತ ಆರು ಜನ ಅಂಗಾತ ಮಲಗಿದ್ದರು.

ಹಿರಿಯರು ಬಂದರೆ ಎದ್ದು ನಿಲ್ಲುವ ಅಭ್ಯಾಸ ರಾಯರಿಗೆ. ಚಿಗರೆಯಂತೆ ಎದ್ದು ನೆಟ್ಟಗೆ ನಿಂತರು.

"ನೋಡಿದ್ರಾ" ಎಂದರು ಕಾಂಪೌಂಡರು ಎಲ್ಲರಿಗೂ ಕೇಳುವಂತೆ. "ಮೂರನೇ ದಿನ."

ಮಾವನಿಗೆ ಅದು ಕೇಳಿಸಲಿಲ್ಲ. ಕಪ್ಪು ಕನ್ನಡಕ ತೆಗೆದರು. ಆಪರೇಷನ್ ಆದ ಕಣ್ಣುಗಳು, ಸಾಸಿವೆಯನ್ನೂ ದೂರದಿಂದ ಎಣಿಸುವಷ್ಟು ಚುರುಕಾಗಿದ್ದವು. ಅವು ಮೊದಲು ಎಂಜಿನ್ನಿನ ಐದನೆಯ ತೂತನ್ನು ನೋಡಿದವು. ಆಮೇಲೆ ಲೇತ್‌ನವನ ಕೈಯಲ್ಲಿದ್ದ ತುಂಡನ್ನು. ಆಮೇಲೆ ರಾಯರ ಮುಷ್ಟಿಯನ್ನು. ಅಲ್ಲಿಂದ ಕದಲಲಿಲ್ಲ.

"ಯಾರು..." ಎಂದು ಮಾವ ಗಂಟಲು ಸರಿಮಾಡಿಕೊಂಡರು. "ಯಾರು ಮುರಿದದ್ದು?"

ಮಗಳ ಮೂಲಕ ಕೇಳಿರಲಿಲ್ಲ. ರಾಯರ ಮುಖವನ್ನೇ ನೋಡಿ ಕೇಳಿದ್ದರು. ಧ್ವನಿಯಲ್ಲಿ ತನಿಖಾಧಿಕಾರಿ ಇರಲಿಲ್ಲ. ತಕ್ಕಡಿ ಬಚ್ಚಿಟ್ಟ ಅಂಗಡಿಯವನ ಹಾಗೆ, ಮಾವ ಉತ್ತರಕ್ಕೆ ಕಾಯುತ್ತ ನಿಂತಿದ್ದರು. ರಾಯರು ಮುಷ್ಟಿ ಬಿಚ್ಚಿದರೆ ಸಾಕಿತ್ತು. ನೋಡಲು ಬೀದಿಗೆ ಬೀದಿಯೇ ಇತ್ತು, ಸಾಕ್ಷಿಗೆ ಲೇತ್‌ನವನಿದ್ದ.

"ನಾನೇ ಮಾವ" ಎಂದರು ರಾಯರು. "ಇನ್ನೊಂದು ಸುತ್ತು ಇರಲಿ ಅಂತ ತಿರುಗಿಸಿದೆ."

ಮುಷ್ಟಿ ಹಾಗೇ ಜೇಬಿಗೆ ಹೋಯಿತು. ಲೇತ್‌ನವನು ಒಬ್ಬರನ್ನು ನೋಡಿದ, ಇನ್ನೊಬ್ಬರನ್ನು ನೋಡಿದ, ತನ್ನ ಸಾಮಾನುಗಳನ್ನು ಒರೆಸತೊಡಗಿದ.

ಮಾವ ನೋವಿನ ಎಣ್ಣೆಯ ಬಾಟಲಿಯನ್ನು ಸೀಟಿನ ಮೇಲಿಟ್ಟರು. "ಹೋಗ್ಲಿ ಬಿಡಿ" ಎಂದರು. "ಬೋಲ್ಟ್ ಅಂದ್ಮೇಲೆ ಮುರಿಯತ್ತೆ. ಎಂಥೆಂಥವರ ಕೈಲೂ ಮುರಿಯತ್ತೆ." ಹೆಂಡತಿಯ ಕೈಯಲ್ಲಿ ಚಹಾ ಲೋಟಗಳು ಒಂದಕ್ಕೊಂದು ತಾಗಿ ಸದ್ದಾದವು. "ಹೊಸ ಬೋಲ್ಟು ನೀವೇ ಹಾಕಿ ಅಳಿಯಂದಿರೇ. ನಾನು ಪಕ್ಕದಲ್ಲಿ ಕೂತಿರ್ತೀನಿ."

ಒಂಬತ್ತು ವರ್ಷ ಕಾದ ಮಾತು ಬಂದಿತ್ತು, ಅದೂ ಸಂಬೋಧನೆ ಸಹಿತ. ರಾಯರು ಬೋಲ್ಟು ಕೂರಿಸಿ ತಿರುಗಿಸಿದರು. ಅದು ಹಿಡಿಯಿತು, ನಿಂತಿತು. ಲೇತ್‌ನವನು "ಸಾಕು" ಎಂದ. ರಾಯರ ಬೆರಳುಗಳು ಸ್ಪ್ಯಾನರಿನ ಮೇಲೆ ಹಾಗೇ ಉಳಿದವು. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ಮಾವ ಬಗ್ಗಿ, ಬಹಳ ಮೆಲ್ಲಗೆ, "ಇನ್ನೊಂದು ಸುತ್ತು ಇದ್ರೆ ಒಳ್ಳೇದೇನೋ" ಎಂದರು.

ಲೇತ್‌ನವನು ಇಬ್ಬರ ನಡುವೆ ಕೈಹಾಕಿ ಸ್ಪ್ಯಾನರ್ ಕಿತ್ತುಕೊಂಡು ಪೆಟ್ಟಿಗೆಗೆ ಹಾಕಿದ. ಆಮೇಲೆ ಅದು ರಾಯರ ಸ್ವಂತ ಸ್ಪ್ಯಾನರ್ ಎಂದು ಗೊತ್ತಾದರೂ ವಾಪಸು ಕೊಡಲಿಲ್ಲ.

ಊಟವಾದ ಮೇಲೆ ಮಾವ ಹೊರಗಿನ ಕೋಣೆಯಲ್ಲಿ ಹಾಯಾಗಿ ನಿದ್ದೆ ಹೋದರು. ಎಂಜಿನ್ನಿನ ಕೆಳಗಿನ ಪೇಪರು ಒಣಗಿತ್ತು. ಕಂಪನ ನಿಂತುಹೋದದ್ದರಿಂದ ಕಾಂಪೌಂಡರು ದರ್ಜಿಗೆ ಮೂರು ದಿನ ಹೊಲಿಗೆ ಯಂತ್ರದ ಪಕ್ಕದಲ್ಲೇ ಮಲಗಲು ಹೇಳಿ ಮಹಡಿ ಹತ್ತಿದ್ದರು. ರಾಯರು ಅಡುಗೆಮನೆಗೆ ಬಂದಾಗ ಹೆಂಡತಿ ಸಕ್ಕರೆ ಡಬ್ಬಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದಳು.

"ಇದನ್ನ ಎಲ್ಲಿ ಕಲಿತೆ ನೀನು?" ಎಂದರು ರಾಯರು.

"ಅಮ್ಮ ಕಲಿಸಿದ್ದು. ಅಪ್ಪ ಮುಚ್ಚಿದ್ದನ್ನ ತೆಗೀಬೇಕಿತ್ತಲ್ಲ." ತಳಕ್ಕೆ ಒಂದು ಏಟು ಕೊಟ್ಟಳು. ಡಬ್ಬಿ ತೆರೆಯಿತು. "ಜೇಬಲ್ಲಿರೋದನ್ನ ಕೊಡಿ ನೋಡೋಣ."

ರಾಯರು ಬೋಲ್ಟಿನ ತಲೆಯನ್ನು ಅವಳ ಅಂಗೈಯಲ್ಲಿಟ್ಟರು. ಅವಳು ಅದನ್ನು ಮಗುಚಿ, ಹಳದಿ ಪದರದ ಮೇಲೆ ಬೆರಳಾಡಿಸಿದಳು. "ಪರವಾಗಿಲ್ಲ, ಇಷ್ಟು ವರ್ಷ ಹಿಡ್ಕೊಂಡಿದೆ. ಒಳ್ಳೆ ಅಂಟು."

"ನಿನಗೆ ಗೊತ್ತಿತ್ತಾ?"

"ಅಂಗಡಿಗೆ ಓಡಿ ತಂದುಕೊಟ್ಟಿದ್ದೇ ನಾನು. ಆಗ ಐದನೇ ಕ್ಲಾಸು. ಅಮ್ಮಂಗೆ ಹೇಳ್ಬೇಡ ಅಂತ ಅಪ್ಪ ಎರಡು ಪೆಪ್ಪರಮೆಂಟು ಕೊಡ್ಸಿದ್ರು."

ರಾಯರು ಗೋಡೆಗೆ ಒರಗಿದರು. ಮೂರು ದಿನ ಸಿಮೆಂಟಿನ ಮೇಲೆ ಮಲಗಿದ ಸೊಂಟ ಈಗ ನಿಜವಾಗಿಯೂ ನೋಯುತ್ತಿತ್ತು.

"ಭಾನುವಾರವೇ ನನಗೊಂದು ಮಾತು ಹೇಳಬಾರದಿತ್ತಾ?"

"ಬೋಲ್ಟು ಅಂದಿದ್ರೆ ಹೇಳ್ತಿದ್ದೆ" ಎಂದಳು ಹೆಂಡತಿ, ಲೋಟಕ್ಕೆ ಸಕ್ಕರೆ ಹಾಕುತ್ತ. "ನೀವು ಸೊಂಟ ಅಂದ್ರಿ."